ಗೋಡೆಯ ಬೂಷ್ಟಿಗೆ ವಾಟ್ಸ್‌ಆ್ಯಪ್ ಮದ್ದು: ಯಾವುದು ನಿಜ, ಯಾವುದು ಬರೀ ಮಾತು, ಯಾವುದು ಅಪಾಯ?

ಜೂನ್ ಬಂತೆಂದರೆ ಸಾಕು, ಓದುಗರಿಂದ ನಮಗೆ ಒಂದೇ ಬಗೆಯ ಫಾರ್ವರ್ಡ್‌ಗಳು ಬರತೊಡಗುತ್ತವೆ. ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು, ಪಕ್ಕದಲ್ಲೇ ಹೊಳೆಯುವ ಬಿಳಿ ಗೋಡೆ, ಕೆಳಗೆ ದೊಡ್ಡ ಅಕ್ಷರದಲ್ಲಿ ಮನೆಮದ್ದು. ವಿನೆಗರ್‌ಗೆ ಬ್ಲೀಚ್ ಬೆರೆಸಿ ಹಚ್ಚಿ ಎಂದು ಒಂದು ಹೇಳಿದರೆ, ಸುಣ್ಣಕ್ಕೆ ಕಲ್ಲುಪ್ಪು ಹಾಕಿ ಬಳಿಯಿರಿ ಎಂದು ಇನ್ನೊಂದು. ತಾರಸಿಗೆ ಪಟಿಕದ ನೀರು ಸುರಿಯಿರಿ, ಬೀರುವಿನಲ್ಲಿ ಕರ್ಪೂರ ಇಡಿ, ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆಸಿ... ಪಟ್ಟಿ ಮುಗಿಯುವುದಿಲ್ಲ. ಕೊನೆಯಲ್ಲಿ ಎಲ್ಲದಕ್ಕೂ ಒಂದೇ ಸಾಲು: ಎಲ್ಲರಿಗೂ ಕಳಿಸಿ.

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳಲ್ಲ. ಒಂದಂತೂ ನೂರೈವತ್ತು ವರ್ಷಕ್ಕೂ ಹಳೆಯದಾದ, ನಿಜವಾಗಿಯೂ ಬಳಕೆಯಲ್ಲಿದ್ದ ವಿಧಾನ. ಕೆಲವು ದುಡ್ಡು ದಂಡ. ಆದರೆ ಒಂದು ಸಂದೇಶ ಮಾತ್ರ ಮನೆಯವರನ್ನು ಆಸ್ಪತ್ರೆಗೆ ಸೇರಿಸಬಲ್ಲದು. ಮೊದಲು ಅದನ್ನೇ ನೋಡೋಣ, ಮಿಕ್ಕದ್ದು ಆಮೇಲೆ.

ಬ್ಲೀಚ್ ಜೊತೆ ಏನನ್ನೂ ಬೆರೆಸಬೇಡಿ

ಅಂಗಡಿಯಲ್ಲಿ ಸಿಗುವ ದ್ರವ ಬ್ಲೀಚ್‌ನಲ್ಲಿರುವುದು ಸೋಡಿಯಂ ಹೈಪೊಕ್ಲೋರೈಟ್. ಅಂಗಳದ ಪಾಚಿಗೆ ನಾವು ಎರಚುವ ಬ್ಲೀಚಿಂಗ್ ಪೌಡರ್‌ನಲ್ಲಿರುವುದು ಅದೇ ಜಾತಿಯ ಕ್ಯಾಲ್ಸಿಯಂ ಹೈಪೊಕ್ಲೋರೈಟ್. ಇವೆರಡರಲ್ಲಿ ಯಾವುದಕ್ಕೆ ಆಮ್ಲ ಸೇರಿದರೂ ಕ್ಲೋರಿನ್ ಅನಿಲ ಹೊರಬರುತ್ತದೆ. ವಿನೆಗರ್ ಒಂದು ಆಮ್ಲ. ನಿಂಬೆರಸವೂ ಆಮ್ಲ. ಟಾಯ್ಲೆಟ್ ತೊಳೆಯುವ ನೀಲಿ ದ್ರವಗಳಲ್ಲಿ ಸಾಮಾನ್ಯವಾಗಿ ಇರುವುದು ಇವೆಲ್ಲಕ್ಕಿಂತ ಬಲವಾದ ಹೈಡ್ರೋಕ್ಲೋರಿಕ್ ಆಮ್ಲ. ಟೈಲ್ಸ್ ಕಲೆಗೆಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಟಲಿಗೆ ತುಂಬಿ ಕೊಡುವ ಆ್ಯಸಿಡ್ ಕೂಡ ಅದೇ.

1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಬಿಟ್ಟ ವಿಷಾನಿಲ ಇದೇ ಕ್ಲೋರಿನ್. ಅದು ಗಾಳಿಗಿಂತ ಭಾರ, ಹಾಗಾಗಿ ಕಂದಕದೊಳಗೆ ಇಳಿದು ಅಲ್ಲೇ ನಿಂತಿತು. ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಗೋಡೆಯ ಬುಡ ಉಜ್ಜುತ್ತಿರುವವರ ಸ್ಥಿತಿಯೂ ಸ್ವಲ್ಪ ಹಾಗೆಯೇ. ಮೊದಲು ಕಣ್ಣು, ಗಂಟಲು ಉರಿಯುತ್ತವೆ. ಆಮೇಲೆ ಕೆಮ್ಮು, ಎದೆ ಬಿಗಿತ. ಹೆಚ್ಚು ಸೇವಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು, ಅದೂ ಕೆಲವು ಗಂಟೆ ತಡವಾಗಿ. ಆಸ್ತಮಾ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಬ್ಲೀಚ್‌ಗೆ ಅಮೋನಿಯಾ ಇರುವ ಕ್ಲೀನರ್ ಬೆರೆಸಿದರೂ ಕ್ಲೋರಮೀನ್ ಎಂಬ ಇನ್ನೊಂದು ಉರಿಯುವ ಅನಿಲ ಹುಟ್ಟುತ್ತದೆ.

ಬೇಕೆಂದೇ ಬೆರೆಸಬೇಕೆಂದೇನೂ ಇಲ್ಲ. ನಿನ್ನೆ ಆ್ಯಸಿಡ್ ಹಾಕಿ ಸರಿಯಾಗಿ ತೊಳೆಯದ ನೆಲಕ್ಕೆ ಇವತ್ತು ಬ್ಲೀಚಿಂಗ್ ಪೌಡರ್ ಎರಚಿದರೂ ಸಾಕು. ಅಂಥ ವಾಸನೆ ಬಂದರೆ ಬಕೆಟ್ಟನ್ನು ಎತ್ತಿಕೊಂಡು ಹೋಗುವ ಸಾಹಸ ಬೇಡ. ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ತೆರೆದ ಗಾಳಿಗೆ ಬನ್ನಿ. ಸಾಧ್ಯವಾದರೆ ಬರುವಾಗಲೇ ಕಿಟಕಿ ತೆರೆದು ಬನ್ನಿ. ಕಣ್ಣು ಉರಿಯುತ್ತಿದ್ದರೆ ಹರಿಯುವ ನೀರಿನಲ್ಲಿ ತೊಳೆಯುತ್ತಿರಿ. ಉಸಿರಾಟ ಕಷ್ಟವಾದರೆ 108 ಅಥವಾ 112ಕ್ಕೆ ಕರೆ ಮಾಡಿ. ಯಾವುದಕ್ಕೆ ಯಾವುದನ್ನು ಬೆರೆಸಿದಿರಿ ಎಂದು ವೈದ್ಯರಿಗೆ ಹೇಳಲು ಮರೆಯಬೇಡಿ.

ವಿನೆಗರ್‌ಗೆ ಅಡುಗೆ ಸೋಡಾ ಬೆರೆಸುವ ಫಾರ್ವರ್ಡ್ ಇಷ್ಟು ಕೆಟ್ಟದ್ದಲ್ಲ. ಬುರುಬುರು ನೊರೆ ಬರುವುದು ನೋಡಲು ಚೆನ್ನ. ಆದರೆ ಒಂದು ಆಮ್ಲ, ಇನ್ನೊಂದು ಕ್ಷಾರ. ಎರಡೂ ಒಂದರ ಶಕ್ತಿಯನ್ನು ಇನ್ನೊಂದು ಕಳೆದು, ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಬೇರೆ ಬೇರೆಯಾಗಿ ಇದ್ದಾಗಲಾದರೂ ಸ್ವಲ್ಪ ಕೆಲಸಕ್ಕೆ ಬರುತ್ತಿದ್ದವು.

ಬೂಷ್ಟು ಕಾಯಿಲೆಯಲ್ಲ, ಲಕ್ಷಣ

ಯಾವ ಮದ್ದು ಹಚ್ಚಿದರೂ ಮುಂದಿನ ಮಳೆಗಾಲಕ್ಕೆ ಅದೇ ಜಾಗದಲ್ಲಿ ಬೂಷ್ಟು ಮತ್ತೆ ಬಂತು ಎಂದು ಹೇಳುವವರೇ ಹೆಚ್ಚು. ಬರದೆ ಏನು? ಬೂಷ್ಟಿನ ಬೀಜಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ಅವನ್ನು ಮನೆಯಿಂದ ಪೂರ್ತಿ ಓಡಿಸಲು ಆಗುವುದಿಲ್ಲ. ಅವಕ್ಕೆ ಊಟವಾಗಿ ಪೇಂಟು, ಧೂಳು, ಮರ, ಬಟ್ಟೆ ಎಲ್ಲವೂ ಇವೆ. ನಮ್ಮ ಕೈಯಲ್ಲಿರುವುದು ಒಂದೇ, ನೀರು ಸಿಗದಂತೆ ಮಾಡುವುದು. ಆದ್ದರಿಂದ ಬ್ರಷ್ ಹಿಡಿಯುವ ಮುಂಚೆ ಕೇಳಬೇಕಾದ ಪ್ರಶ್ನೆ, ಈ ನೀರು ಎಲ್ಲಿಂದ ಬಂತು ಎನ್ನುವುದು.

ಇದನ್ನು ಕಲೆಯೇ ಹೇಳುತ್ತದೆ. ನೆಲದಿಂದ ಶುರುವಾಗಿ ಮಂಡಿಯಿಂದ ಸೊಂಟದೆತ್ತರದವರೆಗೆ, ಅಲೆಯಂಥ ಗೆರೆಯಲ್ಲಿ ನಿಲ್ಲುವ ಕಲೆಯಾದರೆ ನೀರು ನೆಲದಿಂದ ಏರುತ್ತಿದೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವ ಹಾಗೆ ಇಟ್ಟಿಗೆ, ಜಂಬಿಟ್ಟಿಗೆ, ಗಾರೆಗಳ ಸಣ್ಣ ರಂಧ್ರಗಳಲ್ಲಿ ನೀರು ಏರುತ್ತದೆ. ಚಾವಣಿಗೆ ಗೋಡೆ ಸೇರುವಲ್ಲಿ, ಮಳೆ ಬಂದಾಗ ಮಾತ್ರ ಒದ್ದೆಯಾದರೆ ತಾರಸಿಯನ್ನು ಅನುಮಾನಿಸಿ. ಕಿಟಕಿಯ ಕೆಳಮೂಲೆಯಲ್ಲಿ ಇದ್ದರೆ ಸಜ್ಜಾ ಅಥವಾ ಕಿಟಕಿ ಚೌಕಟ್ಟಿನ ಸುತ್ತಲಿನ ಬಿರುಕು. ಬೇಸಿಗೆಯಲ್ಲೂ ಆರದ ಕಲೆ, ಅದರಲ್ಲೂ ಗೋಡೆಯ ಆಚೆ ಅಥವಾ ಮೇಲ್ಮನೆಯಲ್ಲಿ ಬಾತ್‌ರೂಮ್ ಇದ್ದರೆ, ಪೈಪು ಅಥವಾ ನೆಲದ ಸೋರಿಕೆ. ಬೀರುವಿನ ಹಿಂದೆ, ಮಂಚದ ತಲೆಯ ಕಡೆ, ಮೂಲೆಗಳಲ್ಲಿ ಚುಕ್ಕಿಚುಕ್ಕಿಯಾಗಿ ಬೂಷ್ಟು ಬಂದಿದ್ದು ಗಾರೆ ಮಾತ್ರ ಗಟ್ಟಿಯಾಗಿದ್ದರೆ, ನೀರು ಹೊರಗಿನಿಂದ ಬಂದದ್ದೇ ಅಲ್ಲ, ಮನೆಯೊಳಗಿನ ಗಾಳಿಯದ್ದು.

ಅನುಮಾನ ಉಳಿದರೆ ಬಹುತೇಕ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಕಲೆಯ ಜಾಗವನ್ನು ಒಣಬಟ್ಟೆಯಿಂದ ಒರೆಸಿ, ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಗಾಳಿಯಾಡದಂತೆ ಅಗಲವಾದ ಟೇಪ್‌ನಿಂದ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ ಹನಿ ಕಂಡರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ನಿಮ್ಮ ಕಡೆಯ ಮುಖದ ಮೇಲೆ ಹನಿ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ. ಎರಡೂ ಕಡೆ ಇದ್ದರೆ ಎರಡೂ ಕಾರಣ ಇವೆ. ಮಳೆಗಾಲದ ಕರಾವಳಿಯಲ್ಲಿ ಇದು ಅಪರೂಪವೇನಲ್ಲ.

ಪೈಪು ಸೋರಿಕೆಗೆ ಇನ್ನೂ ಸುಲಭದ ಪರೀಕ್ಷೆ. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ತಾರಸಿ ಟ್ಯಾಂಕಿಗೆ ನೀರು ಬರುವುದನ್ನೂ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಯಾರೂ ನೀರು ಮುಟ್ಟುವ ಮೊದಲು ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕ್ ಒಂದೇ ಸದ್ದಿಲ್ಲದೆ ಸೋರುತ್ತಿರಬಹುದು. ಅದಕ್ಕೆ ಸ್ವಲ್ಪ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟರೆ ಕಮೋಡಿನಲ್ಲಿ ಬಣ್ಣ ಕಾಣಿಸಿಕೊಳ್ಳುತ್ತದೆ.

ಸುಣ್ಣಕ್ಕೆ ಉಪ್ಪು: ಅರ್ಧ ಸತ್ಯದ ಪೂರ್ತಿ ನಷ್ಟ

ಸುಣ್ಣಕ್ಕೆ ಉಪ್ಪು ಹಾಕುವುದು ಯಾರೋ ಹೊಸದಾಗಿ ಕಟ್ಟಿದ ಕತೆಯಲ್ಲ. ಹಳೆಯ ಕಾಲದ ಎಷ್ಟೋ ಸುಣ್ಣದ ಪಾಕಗಳಲ್ಲಿ ಉಪ್ಪು ಇತ್ತು, ಗೋಂದೂ ಇತ್ತು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮೆಲ್ಲಗೆ ಕಲ್ಲಾಗುತ್ತದೆ, ಅದಕ್ಕೆ ಸ್ವಲ್ಪ ತೇವ ಬೇಕು. ಬಿರುಬಿಸಿಲಿನಲ್ಲಿ ಬೇಗ ಒಣಗಿ ಪುಡಿಯಾಗದಂತೆ ಉಪ್ಪು ಆ ತೇವವನ್ನು ಹಿಡಿದಿಡುತ್ತದೆ.

ಸಮಸ್ಯೆ ಇರುವುದೂ ಅಲ್ಲೇ. ಉಪ್ಪು ತೇವವನ್ನು ಹಿಡಿದಿಡುತ್ತದೆ! ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರೆಳೆದು ಕರಗತೊಡಗುತ್ತದೆ. ಜುಲೈನಲ್ಲಿ ಮಂಗಳೂರಿನ ಯಾವ ಅಡುಗೆಮನೆಯ ಉಪ್ಪಿನ ಭರಣಿಯನ್ನು ನೋಡಿದರೂ ಇದು ಗೊತ್ತಾಗುತ್ತದೆ. ತೇವ ಹಿಡಿದ ಗೋಡೆಗೆ ಉಪ್ಪು ಬೆರೆತ ಸುಣ್ಣ ಬಳಿದರೆ ಗೋಡೆಯನ್ನೇ ಉಪ್ಪಿನ ಭರಣಿ ಮಾಡಿದಂತೆ.

ಬರೀ ಸುಣ್ಣವಾದರೆ ಒಳ್ಳೆಯದೇ. ಹೊಸದಾಗಿ ಬಳಿದ ಸುಣ್ಣ ಬಲವಾದ ಕ್ಷಾರ, ಅದರ ಮೇಲೆ ಬೂಷ್ಟು ಬೆಳೆಯುವುದು ಕಷ್ಟ. ಗೋಡೆಯ ತೇವ ಹೊರಹೋಗಲೂ ಅದು ಬಿಡುತ್ತದೆ, ಖರ್ಚೂ ಕಡಿಮೆ. ಎಚ್ಚರ ಬೇಕಾದದ್ದು ಕಣ್ಣಿಗೆ. ಚಾವಣಿಗೆ ಬಳಿಯುವಾಗ ಹನಿ ಬಿದ್ದರೆ ಕಣ್ಣಿನ ಪಾಪೆ ಸುಡುತ್ತದೆ. ಕನ್ನಡಕ ಹಾಕಿಕೊಳ್ಳಿ. ಬಿದ್ದರೆ ಉಜ್ಜದೆ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಸುಟ್ಟ ಸುಣ್ಣದ ಕಲ್ಲನ್ನು ಪ್ಲಾಸ್ಟಿಕ್ ಬಕೆಟ್‌ನಲ್ಲಿ ಅರಳಿಸಬೇಡಿ. ಅದು ಕೊತಕೊತ ಕುದಿಯುತ್ತದೆ, ಬಕೆಟ್ ಮೆತ್ತಗಾಗುತ್ತದೆ. ಮಕ್ಕಳು ಹತ್ತಿರ ಬರುವಂತಿರಬಾರದು.

ಬಿಳಿ ಪುಡಿ ಎಲ್ಲವೂ ಬೂಷ್ಟಲ್ಲ

ಗೋಡೆಯ ಮೇಲೆ ಬಿಳಿ ಪುಡಿ ಕಂಡ ಕೂಡಲೇ ಬೂಷ್ಟೆಂದು ಬ್ಲೀಚ್ ಹಚ್ಚುವವರಿದ್ದಾರೆ. ಒಂದು ಹನಿ ನೀರು ಹಾಕಿ ನೋಡಿ. ಕರಗಿ ಹೋದರೆ ಅದು ಉಪ್ಪು, ಕರಗದೆ ನೂಲುನೂಲಾಗಿ ಅಂಟಿಕೊಂಡರೆ ಬೂಷ್ಟು. ಮಣ್ಣು, ಇಟ್ಟಿಗೆ, ಸಿಮೆಂಟಿನಲ್ಲಿರುವ ಲವಣಗಳು ನೀರಿನಲ್ಲಿ ಕರಗಿ ಗೋಡೆಯ ಮೇಲ್ಮೈಗೆ ಬರುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಲವಣ ಹರಳಾಗಿ ಉಳಿಯುತ್ತದೆ. ಪೇಂಟಿನ ಹಿಂದೆ ಹರಳು ಬೆಳೆದರೆ ಪೇಂಟು ಗುಳ್ಳೆಯೆದ್ದು ಹಪ್ಪಳದಂತೆ ಉದುರುತ್ತದೆ.

ಈ ಪುಡಿಯನ್ನು ನೀರು ಹಾಕಿ ತೊಳೆಯಬೇಡಿ. ಕರಗಿದ ಉಪ್ಪು ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉದುರಿಸಿ, ಕೆಳಗೆ ಹಾಸಿದ ಕಾಗದದಲ್ಲಿ ಹಿಡಿದು ಹೊರಗೆ ಹಾಕಿ. ಗಾರೆಯೇ ಪುಡಿಯಾಗಿದ್ದರೆ ಆ ಭಾಗವನ್ನು ಕೆತ್ತಿ ತೆಗೆದು ಹೊಸ ಗಾರೆ ಹಾಕಿಸಬೇಕು. ಅದೂ ಹೊರಗಿನ ಕೆಲಸ ಆದ ಮೇಲೆ.

ಹೊರಗಿನ ಕೆಲಸ ಎಂದರೆ ಏನು? ಬಹಳ ಸಲ ಗುದ್ದಲಿ ಸಾಕು. ಗೋಡೆಗೆ ತಾಗಿ ಹೂವಿನ ಪಾತಿ ಮಾಡಿರುತ್ತೇವೆ. ಅಂಗಳಕ್ಕೆ ಮಣ್ಣು ತುಂಬಿ ಟೈಲ್ಸ್ ಹಾಕಿಸಿ ಮನೆಯ ಪಾಯದ ಮಟ್ಟಕ್ಕಿಂತ ಎತ್ತರ ಮಾಡಿರುತ್ತೇವೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಪ್ರತಿ ಸಲ ಟಾರು ಹಾಕಿದಾಗಲೂ ರಸ್ತೆ ಏರುತ್ತಾ ಮನೆಗಳೇ ತಗ್ಗಿಗೆ ಬಿದ್ದಿವೆ. ಪಾಯದ ಮೇಲೆ, ಗೋಡೆಯ ಕೆಳಗೆ ನೀರು ತಡೆಯಲೆಂದು ಹಾಕಿದ ಪದರ ಇದ್ದರೂ ಮಣ್ಣು ಅದಕ್ಕಿಂತ ಮೇಲೆ ಬಂದರೆ ಆ ಪದರದ ಉಪಯೋಗವಿಲ್ಲ. ಗೋಡೆಯ ಪಕ್ಕದ ಮಣ್ಣನ್ನು ತಗ್ಗಿಸಿ, ನೀರು ಗೋಡೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಮಾಡಿ, ತಾರಸಿ ನೀರಿನ ಪೈಪು ಗೋಡೆಯ ಬುಡಕ್ಕೇ ಸುರಿಯುತ್ತಿದ್ದರೆ ಇನ್ನೊಂದು ತುಂಡು ಪೈಪು ಸೇರಿಸಿ ದೂರಕ್ಕೆ ತಿರುಗಿಸಿ. ಇಷ್ಟು ಮಾಡಿದರೂ ಗೋಡೆ ಒಂದೇ ವಾರದಲ್ಲಿ ಒಣಗುವುದಿಲ್ಲ, ತಿಂಗಳುಗಳೇ ಬೇಕು.

ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್?

ಹೊರಗಿನಿಂದ ಬರುವ ನೀರಿಗೆ ಒಳಗಿನಿಂದ ಬಾಗಿಲು ಹಾಕುವ ಉಪಾಯ ಇದು. ಮೊದಲ ಮಳೆಗಾಲದಲ್ಲಿ ಗೋಡೆ ಚೆನ್ನಾಗಿ ಕಾಣುತ್ತದೆ. ನೀರು ಮಾತ್ರ ಗೋಡೆಯಲ್ಲೇ ಇರುತ್ತದೆ. ಆವಿಯಾಗಲು ದಾರಿ ಇಲ್ಲದ್ದರಿಂದ ಇನ್ನೂ ಮೇಲಕ್ಕೆ ಏರುತ್ತದೆ, ಇಲ್ಲವೇ ಪಕ್ಕದ ಕೋಣೆಯಲ್ಲಿ ತಲೆ ಹಾಕುತ್ತದೆ. ಎರಡನೇ ವರ್ಷ ಪೇಂಟ್ ದೊಡ್ಡ ಹಾಳೆಯಾಗಿ ಕಳಚುತ್ತದೆ. ನೀರು ತಡೆಯುವ ಪದರ ಹಾಕಬೇಕಾದದ್ದು ನೀರು ಬರುವ ಕಡೆಯಲ್ಲಿ, ಅಂದರೆ ಮಳೆ ಹೊಡೆಯುವ ಹೊರಗೋಡೆಗೆ, ತಾರಸಿಗೆ, ಬಾತ್‌ರೂಮಿನ ನೆಲಕ್ಕೆ.

ಮಲೆನಾಡಿನ ಮಣ್ಣುಗೋಡೆಯ ಮನೆಗಳವರು ಈ ವಿಷಯದಲ್ಲಿ ಇನ್ನೂ ಹೆಚ್ಚು ಯೋಚಿಸಬೇಕು. ಗಟ್ಟಿಯಾಗಲಿ ಎಂದು ಮಣ್ಣುಗೋಡೆಗೆ ಸಿಮೆಂಟ್ ಗಾರೆ ಹಾಕಿಸುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಮಣ್ಣು ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟ್ ಹಾಗಲ್ಲ. ಕೆಲವೇ ವರ್ಷದಲ್ಲಿ ಎರಡರ ನಡುವೆ ಬಿರುಕು ಬಿಟ್ಟು ಮಳೆನೀರು ಒಳಗಿಳಿದು ಅಲ್ಲೇ ಉಳಿಯುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಗೋಡೆ ಒಳಗೆ ಕೆಸರಾಗುತ್ತಿರುತ್ತದೆ, ಬೀಳುವ ತನಕ ಗೊತ್ತಾಗುವುದಿಲ್ಲ. ಅಂಥ ಗೋಡೆಗೆ ಮಣ್ಣಿನ ಅಥವಾ ಸುಣ್ಣದ ಗಾರೆಯೇ ಸರಿ. ಹೆಂಚಿನ ಮಾಡು ಗೋಡೆಯಿಂದ ಉದ್ದಕ್ಕೆ ಮುಂದೆ ಚಾಚಿದ್ದರೆ ಯಾವ ಪೇಂಟಿಗಿಂತಲೂ ಅದು ಮೇಲು. ಹಿಂದಿನವರು ಸೂರನ್ನು ಅಷ್ಟು ಇಳಿಸಿ ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ.

ತಾರಸಿಗೆ ಪಟಿಕ, ಸೋಪಿನ ನೀರು

ಶುರುವಿನಲ್ಲಿ ನಾವು ಹೇಳಿದ, ಹಳೆಯ ಕಾಲದ ನಿಜವಾದ ವಿಧಾನ ಇದೇ. ಬಿಸಿ ಸೋಪಿನ ನೀರನ್ನೊಮ್ಮೆ, ಒಣಗಿದ ಮೇಲೆ ಪಟಿಕದ ನೀರನ್ನೊಮ್ಮೆ ಬಳಿಯುವುದನ್ನು 19ನೇ ಶತಮಾನದ ಎಂಜಿನಿಯರ್‌ಗಳು ಸಿಲ್ವೆಸ್ಟರ್ ವಿಧಾನ ಎಂದು ಕರೆಯುತ್ತಿದ್ದರು. ಎರಡೂ ಸೇರಿ ನೀರಿನಲ್ಲಿ ಕರಗದ ಮೇಣದಂಥ ವಸ್ತುವಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಹಾಗಾಗಿ ಈ ಫಾರ್ವರ್ಡ್ ಸುಳ್ಳು ಎಂದು ನಾವು ಹೇಳುವುದಿಲ್ಲ. ಆದರೆ ಬರೀ ಪಟಿಕದ ನೀರು ಸುರಿದರೆ ಪ್ರಯೋಜನವಿಲ್ಲ, ಎರಡೂ ಬೇಕು. ಅದು ಮುಚ್ಚುವುದು ರಂಧ್ರಗಳನ್ನು, ಬಿರುಕನ್ನಲ್ಲ. ಬಿಸಿಲು, ಮಳೆ, ಓಡಾಟಕ್ಕೆ ಸವೆದೂ ಹೋಗುತ್ತದೆ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಮನೆ ತಂಪಾಗುತ್ತದೆ ಎಂಬುದೂ ನಿಜ, ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ಅದರಿಂದ ಸೋರಿಕೆ ನಿಲ್ಲುವುದಿಲ್ಲ.

ತಾರಸಿ ಸೋರುವುದು ನಟ್ಟನಡುವೆ ಕಡಿಮೆ. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ಮಳೆನೀರಿನ ಪೈಪಿನ ಬಾಯಿ, ಟ್ಯಾಂಕಿನ ಕಾಲುಗಳು, ಯಾವತ್ತೋ ಡಿಶ್ ಆ್ಯಂಟೆನಾ ಕೂರಿಸಲು ಕೊರೆದ ತೂತು, ಇವನ್ನು ಮೊದಲು ನೋಡಿ. ಎಷ್ಟೋ ಸಲ ಪೈಪಿನ ಬಾಯಿಗೆ ಎಲೆ, ಹಾಲಿನ ಕವರ್ ಸಿಕ್ಕಿ ನೀರು ನಿಂತಿರುವುದೇ ಕಾರಣ. ಅದನ್ನು ತೆಗೆಯಲು ಎರಡು ನಿಮಿಷ ಸಾಕು.

ಸಣ್ಣ ಬಿರುಕನ್ನು ಮನೆಯವರೇ ಮುಚ್ಚಬಹುದು. ಮೇಲೆ ಸುಮ್ಮನೆ ಸಿಮೆಂಟ್ ಸವರಿದರೆ ನಿಲ್ಲುವುದಿಲ್ಲ. ಉಳಿಯಿಂದ ಬಿರುಕನ್ನು ಸ್ವಲ್ಪ ಅಗಲಿಸಿ, ಬ್ರಷ್‌ನಿಂದ ಧೂಳು ತೆಗೆದು, ಪೇಂಟ್ ಅಂಗಡಿಯಲ್ಲಿ ಸಿಗುವ ಹೊರಾಂಗಣದ ಕ್ರ್ಯಾಕ್ ಫಿಲ್ಲರ್ ಒತ್ತಿ ತುಂಬಿ. ಪೊಟ್ಟಣದ ಮೇಲೆ ಹೇಳಿದ ಪ್ರಕಾರವೇ ಕಲಸಿ, ಕಣ್ಣಳತೆಯಲ್ಲಿ ಬೇಡ. ಪ್ಯಾರಾಪೆಟ್ ಮೂಲೆಗೆ ಸಿಮೆಂಟ್ ಗಾರೆಯನ್ನು ಓರೆಯಾಗಿ ತುಂಬಿದರೆ ಅಲ್ಲಿ ನೀರು ನಿಲ್ಲುವುದಿಲ್ಲ. ಸಿಮೆಂಟ್ ಬೇಗ ಒಣಗಲಿ ಎಂದು ಫ್ಯಾನ್ ಹಾಕುವುದು, ಬಿಸಿಲಿಗೆ ಬಿಡುವುದು ದೊಡ್ಡ ತಪ್ಪು. ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ರಾಸಾಯನಿಕವಾಗಿ ಸೇರಿ. ಒದ್ದೆ ಗೋಣಿಚೀಲ ಹೊದಿಸಿ ಒಂದು ವಾರವಾದರೂ ನೀರುಣಿಸಿ.

ಕೆಲಸ ಸರಿಯಾಯಿತೇ ಎಂದು ನೋಡಲು ಪೈಪಿನ ಬಾಯಿ ಮುಚ್ಚಿ ಒಂದಿಂಚು ನೀರು ನಿಲ್ಲಿಸಿ, ಒಂದೆರಡು ದಿನ ಕೆಳಗಿನ ಚಾವಣಿಯನ್ನು ಗಮನಿಸಬಹುದು. ಬಾತ್‌ರೂಮಿನ ನೆಲಕ್ಕೂ ಇದೇ ಪರೀಕ್ಷೆ. ಗಟ್ಟಿಯಾದ ಆರ್‌ಸಿಸಿ ಚಾವಣಿಗೆ ಮಾತ್ರ ಇದು ಸರಿ. ಒಂದಿಂಚು ನೀರು ಎಂದರೆ ಪ್ರತಿ ಚದರ ಮೀಟರಿಗೆ 25 ಕಿಲೋ ಭಾರ, 10 ಅಡಿಗೆ 10 ಅಡಿ ಕೋಣೆಯ ಮೇಲೆ ಕಾಲು ಟನ್‌ಗೆ ಸ್ವಲ್ಪವೇ ಕಡಿಮೆ. ಮರದ ತೊಲೆಯ ಹಳೆಯ ಮಾಳಿಗೆಯ ಮೇಲೆ ಈ ಪ್ರಯೋಗ ಬೇಡವೇ ಬೇಡ.

ಬೀರುವಿನ ಹಿಂದಿನ ಬೂಷ್ಟು

ಫ್ರಿಜ್‌ನಿಂದ ತೆಗೆದಿಟ್ಟ ನೀರಿನ ಬಾಟಲಿ ಬೆವರುವುದನ್ನು ನೋಡಿದ್ದೀರಿ. ಗೋಡೆಯೂ ಹಾಗೆಯೇ ಬೆವರುತ್ತದೆ. ಹವೆ 30 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 80 ಇದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ಒತ್ತಿ ಬೀರು ಇಟ್ಟರೆ ಹಿಂದೆ ಗಾಳಿಯಾಡುವುದಿಲ್ಲ, ತೇವ ಆರುವುದಿಲ್ಲ.

ಬೀರುವನ್ನು ಮೂರು ಬೆರಳಿನಷ್ಟು ಮುಂದೆ ಎಳೆಯಿರಿ. ಆಗುವುದಾದರೆ ಒಳಗೋಡೆಯ ಕಡೆಗೆ ಸರಿಸಿ. ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದರೆ ಗಾಳಿಗೆ ಎಷ್ಟು ನೀರು ಸೇರುತ್ತದೆ ಎಂದು ತಿಳಿಯಲು ಒಗೆದ ಬಟ್ಟೆಯ ಬಕೆಟ್ಟನ್ನು ಒಮ್ಮೆ ತೂಗಿ, ಒಣಗಿದ ಮೇಲೆ ಮತ್ತೊಮ್ಮೆ ತೂಗಿ. ವ್ಯತ್ಯಾಸದಷ್ಟೂ ನೀರು ನೀವು ಉಸಿರಾಡುವ ಗಾಳಿಗೇ ಸೇರಿದೆ. ಬೇರೆ ದಾರಿ ಇಲ್ಲದಿದ್ದರೆ ಬಟ್ಟೆಯನ್ನು ಒಂದೇ ಕೋಣೆಯಲ್ಲಿ ಹಾಕಿ, ಆ ಕೋಣೆಯ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಓಡಿಸಿ. ಎಡೆಬಿಡದೆ ಮಳೆ ಸುರಿಯುವಾಗ ಕಿಟಕಿ ತೆರೆದರೆ ಒಳಗೆ ಬರುವುದೂ ಒದ್ದೆ ಗಾಳಿಯೇ. ಬಿಸಿಲು ಇಣುಕಿದ ಹೊತ್ತಿನಲ್ಲಿ ಕಿಟಕಿ, ಬೀರು ಎರಡನ್ನೂ ತೆರೆದಿಡಿ. ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಬೀಜ, ಬುಟ್ಟಿ, ಹಪ್ಪಳ ಇಡುತ್ತಿದ್ದದ್ದು ಆ ಜಾಗ ಒಂದೇ ಸದಾ ಬಿಸಿಯಾಗಿ ಒಣಗಿರುತ್ತಿತ್ತು ಎಂದು.

ಕರ್ಪೂರ ವಾಸನೆಯನ್ನು ಮುಚ್ಚುತ್ತದೆ, ತೇವವನ್ನಲ್ಲ. ನುಸಿಗುಳಿಗೆಯನ್ನು ಮಗುವಿನ ಬಟ್ಟೆಯ ಜೊತೆ ಇಡಬೇಡಿ. ನ್ಯಾಫ್ತಲೀನ್‌ನಿಂದ ಮಾಡಿದ ಗುಳಿಗೆಗಳು ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯಬಲ್ಲವು, ಕೊರತೆ ಇದೆಯೇ ಎಂದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ.

ಹಾಗಾದರೆ ಬೂಷ್ಟನ್ನು ಒರೆಸುವುದು ಹೇಗೆ?

ಬಟ್ಟೆ ಒಗೆಯುವ ಸೋಪಿನ ಪುಡಿ ಮತ್ತು ನೀರು. ಗಟ್ಟಿ ಗೋಡೆಗೆ ಇಷ್ಟು ಸಾಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಬೂಷ್ಟಿಗೆ ಮಾಮೂಲಿಯಾಗಿ ಬ್ಲೀಚ್ ಬಳಸಬೇಕೆಂದು ಹೇಳುವುದಿಲ್ಲ. ಕಾರಣ ಸರಳ. ಸತ್ತ ಬೂಷ್ಟೂ ಅಲರ್ಜಿ ಎಬ್ಬಿಸುತ್ತದೆ, ಆದ್ದರಿಂದ ಕೊಲ್ಲುವುದಕ್ಕಿಂತ ತೆಗೆದುಹಾಕುವುದು ಮುಖ್ಯ. ಸುಮಾರು 10 ಚದರ ಅಡಿಯವರೆಗಿನ ಬೂಷ್ಟನ್ನು ಮನೆಯವರೇ ತೆಗೆಯಬಹುದು ಎಂಬುದು ಅದೇ ಸಂಸ್ಥೆಯ ಸಲಹೆ.

ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕಿಟಕಿ ತೆರೆದು ಫ್ಯಾನ್ ಆರಿಸಿ. ಒಣ ಪೊರಕೆಯಿಂದ ಗುಡಿಸಿದರೆ ಕಣಗಳು ಮನೆಯಿಡೀ ಹಾರುತ್ತವೆ, ಒದ್ದೆ ಬಟ್ಟೆಯಿಂದಲೇ ಒರೆಸಿ, ಆ ಬಟ್ಟೆಯನ್ನು ಕವರ್‌ನಲ್ಲಿ ಕಟ್ಟಿ ಎಸೆಯಿರಿ. ಗೋಡೆಯನ್ನು ಒಣಬಟ್ಟೆಯಿಂದ ಒತ್ತಿ ಒಣಗಿಸಿ. ಬೂಷ್ಟು ಹತ್ತಿದ ಹಾಸಿಗೆ, ದಿಂಬು ಒಳಗೆಲ್ಲ ಹಬ್ಬಿರುತ್ತದೆ, ಉಳಿಸಿಕೊಳ್ಳುವ ಆಸೆ ಬೇಡ. ಆಸ್ತಮಾ ಇರುವವರು, ಗರ್ಭಿಣಿಯರು, ಮಕ್ಕಳು ಆ ಹೊತ್ತು ಬೇರೆ ಕೋಣೆಯಲ್ಲಿರಲಿ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಅಲರ್ಜಿ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಮಗುವಿನ ರಾತ್ರಿ ಕೆಮ್ಮು ಮಳೆಗಾಲ ಪೂರ್ತಿ ಬಿಡದಿದ್ದರೆ ವೈದ್ಯರ ಹತ್ತಿರ ಮನೆಯ ಗೋಡೆಯ ಸ್ಥಿತಿಯನ್ನೂ ಹೇಳಿ.

ಇಲ್ಲಿ ಕೈ ಹಾಕಬೇಡಿ

ಸ್ವಿಚ್‌ಬೋರ್ಡಿನ ಸುತ್ತ ಗೋಡೆ ಒದ್ದೆಯಾಗಿದ್ದರೆ ಒರೆಸುವ ಮುಂಚೆ ಮೇನ್ ಸ್ವಿಚ್ ಆರಿಸಿ. ಗೋಡೆಯನ್ನೋ ನಲ್ಲಿಯನ್ನೋ ಮುಟ್ಟಿದಾಗ ಜುಮ್ಮೆಂದರೆ ಅದು ಮಳೆಗಾಲದ ಮಾಮೂಲಿ ಅಲ್ಲ, ಕರೆಂಟ್ ಸೋರುತ್ತಿದೆ. ಮೇನ್ ಆರಿಸಿ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಅವರು ಬಂದಾಗಲೇ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಕರೆಂಟ್ ಮೈಗೆ ಹರಿದರೆ ಕ್ಷಣದಲ್ಲಿ ಕಡಿತಗೊಳಿಸುವುದು ಅದೇ. ಮಾಮೂಲಿ ಫ್ಯೂಸ್ ಅಥವಾ ಎಂಸಿಬಿ ಆ ಕೆಲಸ ಮಾಡುವುದಿಲ್ಲ.

ಚಾವಣಿಯಿಂದ ಕಾಂಕ್ರೀಟ್ ಚೂರು ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿಯಬೇಡಿ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ತೆಗೆದುಕೊಳ್ಳುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಪುಟ್ಟಿ ಅದನ್ನು ಕಣ್ಣಿಗೆ ಮರೆಮಾಡುತ್ತದೆ, ತುಕ್ಕು ಒಳಗೆ ಮುಂದುವರಿಯುತ್ತದೆ. ಅದರ ಕೆಳಗೆ ಮಂಚ, ತೊಟ್ಟಿಲು ಇದ್ದರೆ ಇವತ್ತೇ ಸರಿಸಿ, ಸಿವಿಲ್ ಎಂಜಿನಿಯರ್‌ಗೆ ತೋರಿಸಿ. ಗೋಡೆಯ ಓರೆ ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಒಂದೆರಡು ತಿಂಗಳಲ್ಲಿ ಬಿರುಕು ಗೆರೆ ದಾಟಿ ಬೆಳೆದಿದ್ದರೆ ಅದಕ್ಕೂ ಎಂಜಿನಿಯರ್ ಬೇಕು.

ತಾರಸಿಯ ಬಿರುಕು, ಹೊರಗೋಡೆಯ ಕೆಲಸಕ್ಕೆ ಒಳ್ಳೆಯ ಕಾಲ ಫೆಬ್ರವರಿಯಿಂದ ಏಪ್ರಿಲ್, ಮುಂಗಾರಿನ ಮುಂಚಿನ ಅಡ್ಡಮಳೆ ಜೋರಾಗುವ ಮೊದಲು. ಒಳಗಿನ ಬಣ್ಣ ಗೋಡೆ ಪೂರ್ತಿ ಒಣಗಿದ ಮೇಲೆ ಮಾತ್ರ. ದಸರಾ ಹತ್ತಿರ ಬಂತೆಂದು ಒದ್ದೆ ಗೋಡೆಗೇ ಬಳಿಸಿದರೆ ಸಂಕ್ರಾಂತಿಗೆ ಗುಳ್ಳೆ ಎದ್ದಿರುತ್ತದೆ. ಬಾಡಿಗೆ ಮನೆಯಲ್ಲಿರುವವರು ಕಲೆಯ ಪಕ್ಕ ಒಂದು ಸ್ಕೇಲ್ ಹಿಡಿದು ತಾರೀಖು ಸಮೇತ ಫೋಟೊ ತೆಗೆದು ಮನೆ ಮಾಲೀಕರಿಗೆ ಕಳಿಸಿ. ಎರಡು ವಾರಕ್ಕೊಮ್ಮೆ ಅದೇ ಜಾಗದ ಫೋಟೊ ಇನ್ನೊಂದು. ತಾರಸಿ, ಪೈಪು ರಿಪೇರಿ ಅವರ ಕೆಲಸ ಎಂಬ ಮಾತು ಬಂದಾಗಲೂ, ಖಾಲಿ ಮಾಡುವ ದಿನ ಅಡ್ವಾನ್ಸ್‌ನಿಂದ ಪೇಂಟಿಂಗ್ ಖರ್ಚು ಮುರಿಯುವ ಮಾತು ಬಂದಾಗಲೂ ಆ ಫೋಟೊಗಳು ಬೇಕಾಗುತ್ತವೆ.